ಮೇಲಿನ ರೂಮಿನ ಬೀಗ

ನನ್ನ ಗಂಡನ ಹೆಸರು ಈ ಬೀದಿಯಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಬೀಗದವರು ಎಂದರೆ ಸಾಕು, ಚಿಳ್ಳೆಪಿಳ್ಳೆಗಳೂ ಕೈ ಹಿಡಿದು ಕರೆದುಕೊಂಡು ಬಂದು ಅಂಗಡಿಯ ಮುಂದೆ ನಿಲ್ಲಿಸುತ್ತವೆ. ಅಂಗಡಿಯೆಂದರೆ ನಮ್ಮ ಮನೆಯ ಮುಂಭಾಗವೇ. ಶಟರ್ ಎತ್ತಿದರೆ ಅಂಗಡಿ, ಇಳಿಸಿದರೆ ನಮ್ಮ ನಡುಮನೆ. ಅದರ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ಹಾಸಿಗೆ ಹಿಡಿದ ನನ್ನ ಅತ್ತೆ, ಅದರ ಹಿಂದೆ ಅಡುಗೆಮನೆ. ಪಕ್ಕದ ಸಂದಿಯಲ್ಲಿ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೊಂದು ರೂಮು. ಆ ರೂಮು ಏಳುವ ಹೊತ್ತಿಗೆ ನನ್ನ ಕೈಬಳೆ ಹೋದವು. "ಬಾಡಿಗೆ ಬರುತ್ತೆ ಕಣೇ, ಬಳೆ ಎಲ್ಲಿ ಹೋಗ್ತವೆ, ವಾಪಸ್ ಬರ್ತವೆ" ಎಂದಿದ್ದರು. ಬಳೆಯ ಮಾತು ಬಿಡಿ, ಈಗ ಕೈಯೇ ಒಣಗಿ ಕಡ್ಡಿಯಾಗಿದೆ.

ನನ್ನ ಗಂಡನ ಬಗ್ಗೆ ಮಾತಾಡುವವರೆಲ್ಲ ಒಂದು ಸಂಗತಿಯನ್ನು ಹೇಳಿಯೇ ಹೇಳುತ್ತಾರೆ. ಬೀಗದ ಯಜಮಾನ ಖುದ್ದಾಗಿ ಎದುರಿಗೆ ನಿಂತಿರದೆ ಇವರು ಯಾವ ಬೀಗವನ್ನೂ ತೆಗೆಯುವುದಿಲ್ಲ. ನಮ್ಮ ಮದುವೆಯಾದ ಹೊಸತರಲ್ಲಿ ಒಬ್ಬ ಬಂದು, ಮನೆಯ ಬೀಗದ ಕೈ ಕಳೆದುಹೋಗಿದೆ ಎಂದು ಕರೆದುಕೊಂಡು ಹೋಗಿ ತೆಗೆಸಿದ್ದ. ಮನೆ ಅವನ ತಮ್ಮನದು. ತಮ್ಮ ಊರಿಂದ ಬರುವಷ್ಟರಲ್ಲಿ ಬೀರು ಖಾಲಿ. ಪೊಲೀಸರು ಮೊದಲು ಹಿಡಿದದ್ದು ಇವರನ್ನು. ಬಿಟ್ಟು ಕಳಿಸುವಾಗ ಕೆನ್ನೆ ಊದಿತ್ತು. ಅಂದಿನಿಂದ ಈ ನೇಮ. ಸ್ಕೂಟರಿನ ಡಿಕ್ಕಿಯಾಗಲಿ, ಸೂಟ್‌ಕೇಸಾಗಲಿ, ಹೆಂಡತಿ ಬಂದು ಗಂಡನ ಬೀರು ತೆಗೆದುಕೊಡಿ ಎಂದರೂ "ಅವರನ್ನೇ ಕಳಿಸಿ" ಎನ್ನುತ್ತಿದ್ದರು. ಮೊದಮೊದಲು ಜನ ನಕ್ಕರು, ಆಮೇಲೆ ಕೈಮುಗಿದರು. ಈ ಕಾಲದಲ್ಲಿ ಇಂಥವರು ಎಲ್ಲಿದ್ದಾರೆ ಎಂದು ನನಗೇ ಬಂದು ಹೇಳುವವರು. ನಾನೂ ಉಬ್ಬಿದ್ದೇನೆ, ಸುಳ್ಳೇಕೆ ಹೇಳಲಿ.

ಮೇಲಿನ ರೂಮಿಗೆ ಒಂದು ಜೋಡಿ ಬಾಡಿಗೆಗೆ ಬಂತು. ಗಂಡ ನೀರಿನ ಫಿಲ್ಟರು ಮಾರುವ ಕಂಪನಿಯಲ್ಲಿದ್ದ. ಇಸ್ತ್ರಿ ಮಾಡಿದ ಶರ್ಟು, ಮಾತಿಗೊಂದು ನಗು. ನಾವು ಅವನನ್ನು ಫಿಲ್ಟರ್ ಸಾಹೇಬ ಎನ್ನುತ್ತಿದ್ದೆವು. ಅವನ ಹೆಂಡತಿಯ ಬಾಯಲ್ಲಿ ಬೆಲ್ಲ ಬಿಟ್ಟರೆ ಬೇರೇನೂ ಇರಲಿಲ್ಲ. ಕರಾರುಪತ್ರ ಮಾಡಿಸಿ ಎಂದು ಬಡಕೊಂಡೆ. "ಮುಖ ನೋಡಿದ್ರೆ ಗೊತ್ತಾಗಲ್ವಾ" ಎಂದರು ನಮ್ಮವರು. ಬೀಗದ ಹೊಟ್ಟೆಯಲ್ಲೇನಿದೆ ಎಂದು ಕಿವಿಗೊಟ್ಟೇ ಹೇಳುವ ಮನುಷ್ಯ, ಮುಖ ನೋಡಿ ಮೋಸ ಹೋದರು.

ಬಂದ ವಾರದಲ್ಲೇ ಸಾಹೇಬ ಅಂಗಡಿಗೆ ಇಳಿದು ಬಂದ. "ಅಂಕಲ್, ನಿಮ್ಮ ಕೈಯಲ್ಲೂ ತೆಗೆಯೋಕಾಗದಂಥ ಬೀಗ ಇದ್ದರೆ ಕೊಡಿ" ಎಂದು ಬೆಣ್ಣೆ ಹಚ್ಚಿದ. ಇವರು ಕರಗಿ ನೀರಾದರು. ಮೇಲಿನ ಗೂಡಿನಿಂದ ಹಿತ್ತಾಳೆಯ ದಪ್ಪ ಬೀಗವೊಂದನ್ನು ಇಳಿಸಿ, ಬಟ್ಟೆಯಿಂದ ಒರೆಸಿ, ಮಗುವನ್ನು ಕೊಡುವ ಹಾಗೆ ಕೊಟ್ಟರು.

"ಇದು ಒತ್ತಿದ ಕೂಡ್ಲೆ ಬೀಳೋ ಬೀಗ ಅಲ್ಲ ಸಾಹೇಬ್ರೆ, ನೆನಪಿರ್ಲಿ. ಕೀ ಹಾಕಿ ತಿರುಗಿಸಿದ್ರೇ ಬೀಳೋದು. ಬರೀ ಒತ್ತಿ ಬಿಟ್ರೆ ನೋಡೋರ ಕಣ್ಣಿಗೆ ಹಾಕಿದ ಹಾಗೇ ಇರುತ್ತೆ, ಆದ್ರೆ ಎಳೆದ್ರೆ ಕೈಗೆ ಬರುತ್ತೆ."

"ಸರಿ ಅಂಕಲ್. ದುಡ್ಡು ಬಾಡಿಗೆ ಜೊತೆ ಸೇರಿಸಿ ಕೊಡ್ತೀನಿ."

ಬಾಡಿಗೆ ಕೆಲವು ತಿಂಗಳು ನೆಟ್ಟಗೆ ಬಂತು. ಬೀಗದ ದುಡ್ಡು ಅದರ ಜೊತೆ ಯಾವತ್ತೂ ಬರಲಿಲ್ಲ. ಆಮೇಲೆ ಬಾಡಿಗೆಯೂ ನಿಂತಿತು. ಕಂಪನಿಯವರು ಸಂಬಳ ತಡ ಮಾಡಿದ್ದಾರೆ, ಬ್ಯಾಂಕಿನಲ್ಲಿ ತೊಂದರೆ, ಅಪ್ಪನಿಗೆ ಆಪರೇಷನ್. ಪ್ರತಿ ಸಲವೂ ಕೊನೆಯಲ್ಲಿ ಒಂದೇ ರಾಗ: "ಮುಂದಿನ ವಾರ ಅಂಕಲ್, ಖಂಡಿತ." ಅವನ ಹೆಂಡತಿ ಬಾಡಿಗೆ ಕೊಡುತ್ತಿದ್ದಷ್ಟು ದಿನ ನನ್ನನ್ನು ಆಂಟಿ ಎನ್ನುತ್ತಿದ್ದವಳು, ಬಾಡಿಗೆ ನಿಂತ ತಿಂಗಳಿಂದ ಅಮ್ಮ ಎನ್ನತೊಡಗಿದಳು. ಇನ್ನೆರಡು ತಿಂಗಳು ಬಿಟ್ಟಿದ್ದರೆ ಅಜ್ಜಿ ಮಾಡುತ್ತಿದ್ದಳೋ ಏನೋ. ಅಡ್ವಾನ್ಸು ಕರಗಿತು. ನಾನು ಮೆಟ್ಟಿಲ ಕೆಳಗೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದೆ. ನಮ್ಮವರು ಒಂದು ಸಲ ಕೇಳಿ ಸುಮ್ಮನಾಗುತ್ತಿದ್ದರು. "ಎರಡನೇ ಸಲ ಕೇಳೋಕೆ ನಾಚಿಕೆ ಆಗುತ್ತೆ" ಅಂತೆ! ಕೊಡದವನಿಗಿಲ್ಲದ ನಾಚಿಕೆ, ಕೇಳುವವನಿಗೆ.

ನಾವಿಬ್ಬರೂ ನನ್ನ ಅಕ್ಕನ ಮನೆಗೆ ಹೋಗಿ ಎರಡು ದಿನ ಇದ್ದು ಬಂದೆವು. ಅತ್ತೆಗೆ ಊಟ ಕೊಡಲು ಪಕ್ಕದ ಮನೆಯಾಕೆಗೆ ಹೇಳಿದ್ದೆವು. ಹಿಂತಿರುಗಿ ಬಂದರೆ ಮೇಲೆ ಸದ್ದಿಲ್ಲ. ಹತ್ತಿ ನೋಡಿದೆ. ಬಾಗಿಲ ಚಿಲಕದಲ್ಲಿ ಆ ಹಿತ್ತಾಳೆಯ ಬೀಗ ನೇತಾಡುತ್ತಿತ್ತು. ಕಿಟಕಿಗೆ ಪರದೆ ಹಾಗೇ ಇತ್ತು. ಎಲ್ಲೋ ಹೋಗಿರಬೇಕು, ಬರುತ್ತಾರೆ ಎಂದುಕೊಂಡೆ. ಮರುದಿನ ಪಕ್ಕದ ಮನೆಯಾಕೆ ಹೇಳಿದಳು, "ಹಾಡಹಗಲೇ ಸಾಮಾನಿನ ಗಾಡಿ ಬಂದಿತ್ತಲ್ರೀ. ನಿಮಗೆ ಹೇಳೇ ಹೋಗಿದ್ದಾರೆ ಅಂದ್ಕೊಂಡೆ. ಹೋಗ್ತಾ ನಂಗೂ ಕೈ ಬೀಸಿದ್ಲು." ಮೂರು ನಾಮ ಹಾಕಿ ಹೋಗುವವರು ಕೈ ಬೀಸಿ ಹೋಗುತ್ತಾರೆಂದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಫಿಲ್ಟರ್ ಕಂಪನಿಗೆ ಹೋದವಳು ನಾನು. ಅವನು ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆಯಂತೆ. ಅಲ್ಲಿ ಕೂತಿದ್ದ ಹುಡುಗಿ ನನ್ನ ಮುಖ ನೋಡಿ, "ನೀವೂನಾ?" ಎಂದಳು. ವಕೀಲರ ಹತ್ತಿರ ಹೋದವಳೂ ನಾನೇ. ಅವರು ಬೀಗ ಒಡೆಯುವ ಮೊದಲು ನೋಟೀಸು ಕಳಿಸಬೇಕು ಎಂದರು. ಎಲ್ಲಿಗೆ ಕಳಿಸುವುದು? ನಮಗೆ ಗೊತ್ತಿದ್ದ ವಿಳಾಸ ನಮ್ಮ ಮೇಲಿನ ರೂಮಿನದು ಮಾತ್ರ. ನನ್ನ ದುಡ್ಡಿನ ನೋಟೀಸು ಊರೆಲ್ಲ ಸುತ್ತಿ ನನ್ನ ಮನೆಯ ಮೆಟ್ಟಿಲನ್ನೇ ಹತ್ತಿತು. ಪೋಸ್ಟ್‌ಮನ್ ಅದನ್ನು ಬಾಗಿಲಿಗೆ ಸಿಕ್ಕಿಸಿ, ಇಳಿದು ಬಂದು, "ಮೇಲೆ ಯಾರೂ ಇಲ್ಲಮ್ಮ" ಎಂದು ನನಗೇ ಹೇಳಿ ಹೋದ. ನಗಬೇಕೋ ಅಳಬೇಕೋ ಹೇಳಿ.

ನೋಟೀಸಿನ ಗಡುವು ಮುಗಿಯಿತು. ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ತೆಗೆಯಿರಿ ಎಂದರು ವಕೀಲರು. ಎದುರುಮನೆಯ ಮೇಷ್ಟ್ರು ಬರುತ್ತೇನೆಂದರು, ಚಹಾ ಅಂಗಡಿಯವನೂ ಬರುತ್ತೇನೆಂದ. ನಮ್ಮ ಮಹಾನುಭಾವರು ಒಪ್ಪಬೇಕಲ್ಲ.

"ಮನೆ ನಂದು ಕಣೇ, ಬೀಗ ಅವರದು" ಎಂದರು.

"ಬೀಗದ ದುಡ್ಡು ಕೊಟ್ಟಿದ್ದಾನೇನ್ರೀ ಅವನು? ಕೊಟ್ಟಿಲ್ಲ. ಹಾಗಾದ್ರೆ ಬೀಗಾನೂ ನಿಮ್ದೇ."

"ಸಾಲ ಕೊಟ್ಟ ಮೇಲೆ ಅವನದು."

"ಓಹೋ! ಧರ್ಮರಾಯರು! ಬಾಡಿಗೆಯೂ ಅವನದು, ಬೀಗವೂ ಅವನದು. ನಾವ್ಯಾಕೆ ಇಲ್ಲಿದ್ದೀವಿ, ನಮ್ಮನ್ನೂ ಗಾಡೀಲಿ ಹಾಕ್ಕೊಂಡು ಹೋಗ್ಬೇಕಿತ್ತು!"

ಇವರು ಅರ ಹಿಡಿದು ಬೀಗದ ಕೈ ಉಜ್ಜುತ್ತ ಕೂತರು. ಪಕ್ಕದ ಬೀದಿಯ ಬೀಗದವನನ್ನು ಗುಟ್ಟಾಗಿ ಕರೆದೆ. "ಅಯ್ಯೋ ಬಿಡ್ತು ಅನ್ನಿಯಮ್ಮ, ಅವರ ಮನೇಲಿ ನಾನು ಬೀಗ ತೆಗೆಯೋದಾ!" ಎಂದು ಕಿವಿ ಮುಟ್ಟಿಕೊಂಡ. ಹೀಗೆ ಇಡೀ ಊರು ಸೇರಿ ನನ್ನ ರೂಮನ್ನು ಕಾಯಿತು. ಗಿರಾಕಿಗಳು ಮೇಲೆ ಯಾರಿದ್ದಾರೆ ಎಂದು ಕೇಳಿದರೆ ಇವರು "ಬಾಡಿಗೆಯವರು ಊರಿಗೆ ಹೋಗಿದ್ದಾರೆ, ಬರ್ತಾರೆ" ಎನ್ನುತ್ತಿದ್ದರು. ನನ್ನ ಹೊಟ್ಟೆ ಉರಿದದ್ದು ಯಾವಾಗ ಎಂದರೆ, ತಿಂಗಳಿಗೊಮ್ಮೆ ಇವರು ಎಣ್ಣೆಯ ಕುಡಿಕೆ, ಚಿಂದಿ ಬಟ್ಟೆ ಹಿಡಿದು ಮೆಟ್ಟಿಲು ಹತ್ತಿದಾಗ. ಬೀಗ ತುಕ್ಕು ಹಿಡಿಯಬಾರದಂತೆ! ಬಾಡಿಗೆ ಮುಳುಗಿಸಿ ಹೋದವನ ಬೀಗಕ್ಕೆ ಎಣ್ಣೆಯ ಉಪಚಾರ. "ನೀನು ಮಾತ್ರ ಅದನ್ನ ಮುಟ್ಬೇಡ" ಎಂದು ನನಗೆ ಆಣತಿ ಬೇರೆ. ನಾನು ಮುಟ್ಟಲಿಲ್ಲ. ಇಷ್ಟು ವರ್ಷ ಅವರ ಕೆಲಸದ ವಿಷಯದಲ್ಲಿ ಅವರ ಮಾತು ಮೀರಿದವಳಲ್ಲ ನಾನು.

ಹಾಗಿರುವಾಗ ಒಂದು ಮಧ್ಯಾಹ್ನ ನಮ್ಮ ಮಗಳು ಬಂದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಅವಳ ಪುಟ್ಟಿ. ಇನ್ನೂ ಶಾಲೆಗೆ ಸೇರದ ಕೂಸು ಅದು. ಸೆಕೆಗಾಲದಲ್ಲಿ ಮಗಳು ಉದ್ದ ತೋಳಿನ ರವಿಕೆ ಹಾಕಿದ್ದಳು. ನಾನು ಕೇಳಲಿಲ್ಲ, ತೋಳು ಸರಿಸಿ ನೋಡಿದೆ. ನೋಡಿ ಮತ್ತೆ ಮುಚ್ಚಿದೆ. ನಮ್ಮ ಅಳಿಯ ಲಾರಿ ಆಫೀಸಿನಲ್ಲಿ ಬುಕಿಂಗ್ ಕೆಲಸದಲ್ಲಿದ್ದವನು. ನಾಲ್ಕು ಜನರ ಮುಂದೆ ಅವನಂಥ ಸಂಭಾವಿತ ಇಲ್ಲ.

"ನಾನಿನ್ನು ಹೋಗಲ್ಲಮ್ಮ" ಎಂದಳು. "ಬಿಸ್ಕತ್ತು ಫ್ಯಾಕ್ಟರೀಲಿ ಪ್ಯಾಕಿಂಗ್‌ಗೆ ಬಾ ಅಂದಿದ್ದಾರೆ. ಮೇಲಿನ ರೂಮು ಖಾಲೀನೇ ಇದೆಯಲ್ಲ, ಅದು ಸಾಕು. ಸುಮ್ನೆ ಬೇಡ, ಬಾಡಿಗೆ ಕೊಡ್ತೀನಿ ಅಪ್ಪ."

ಹೆತ್ತ ಮಗಳು ಬಾಡಿಗೆ ಕೊಡುತ್ತೇನೆ ಅಂದಳು. ಇವರು ಬೀಗದ ಕೈಗಳ ಡಬ್ಬ ಕೆದಕುತ್ತ, "ಅವರು ಬಂದು ಬೀಗ ತೆಗೀಲಿ, ನೋಡೋಣ. ಅಲ್ಲಿವರೆಗೆ ಇಲ್ಲೇ ಇರು" ಎಂದರು.

ಇಲ್ಲೇ ಎಂದರೆ ಎಲ್ಲಿ? ಅತ್ತೆಯ ಕೋಣೆಯಲ್ಲಿ ಕೆಮ್ಮು, ಕಫ, ಬೆಡ್‌ಪ್ಯಾನು. ಮಗುವನ್ನು ಅಲ್ಲಿ ಮಲಗಿಸುವ ಹಾಗಿರಲಿಲ್ಲ. ತಾಯಿ ಮಗು ಅಂಗಡಿಯಲ್ಲೇ, ಗಾಜಿನ ಪೆಟ್ಟಿಗೆಯ ಕೆಳಗೆ ಚಾಪೆ ಹಾಸಿ ಮಲಗಿದರು. ಬೆಳಿಗ್ಗೆ ಶಟರ್ ಏಳುವ ಮೊದಲು ಎದ್ದು ಹಾಸಿಗೆ ಸುತ್ತಬೇಕು. ಶಟರ್ ಎತ್ತಿದರೆ ಬೀದಿ ಒಳಗೆ ಬರುತ್ತದೆ. ಮಗಳು ತಲೆ ಬಾಚಿಕೊಳ್ಳಲು ಅಡುಗೆಮನೆಯ ಮೂಲೆಗೆ ಹೋಗಬೇಕು. ಪುಟ್ಟಿ ಮಾತ್ರ ಗೋಡೆಗೆ ನೇತುಹಾಕಿದ ಬೀಗದ ಕೈಗಳನ್ನು ಗಲಗಲ ಆಡಿಸಿ ನಗುತ್ತಿತ್ತು.

ಮೂರನೆಯ ದಿನದಿಂದ ಅಳಿಯ ಬರತೊಡಗಿದ. ಸಂಜೆ ಬಂದು ಗಿರಾಕಿಯ ಹಾಗೆ ಅಂಗಡಿಯೆದುರು ನಿಲ್ಲುವುದು. ಗಲಾಟೆಯಿಲ್ಲ, ಕೂಗಾಟವಿಲ್ಲ. ಸುಮ್ಮನೆ ನಿಂತು ನಮ್ಮ ಮಗಳನ್ನೇ ನೋಡುವುದು. ಅವಳು ಅಡುಗೆಮನೆಗೆ ಹೋದರೆ "ಪುಟ್ಟಿ" ಎಂದು ಮಗುವನ್ನು ಕರೆಯುವುದು. ಮಗು ಓಡಿ ಹೋದರೆ ಇವಳೂ ಹಿಂದೆ ಓಡಿ ಬರಬೇಕು. ಅಂಗಡಿಗೆ ಬರುವವನನ್ನು ಬರಬೇಡ ಎನ್ನುವುದು ಹೇಗೆ? ಮೇಲಿನ ರೂಮಿಗಾದರೆ ಗಟ್ಟಿ ಬಾಗಿಲಿತ್ತು, ಒಳಗಿನಿಂದ ದಪ್ಪ ಅಗುಳಿಯಿತ್ತು. ನಾನೇ ನಿಂತು ಹಾಕಿಸಿದ್ದು. ಇಡೀ ಊರಿನ ಬಾಗಿಲು ಭದ್ರ ಮಾಡುವವನ ಮಗಳಿಗೆ ಹಾಕಿಕೊಳ್ಳಲು ಒಂದು ಅಗುಳಿ ಇರಲಿಲ್ಲ.

ನಾನು ದಿನಾ ಜಗಳವಾಡಿದೆ. ಅತ್ತೆ, ಆ ಹಣ್ಣುಮುದುಕಿ, ಹಾಸಿಗೆಯಿಂದಲೇ ಕೂಗಿದರು: "ಲೇ, ತೆಗಿಯೋ ಅದನ್ನ! ಕೂಸು ನೆಲದ ಮೇಲೆ ಮಲಗ್ತಾ ಇದೆ!" ಅವ್ವನ ಮಾತಿಗೂ ಮಗ ಜಗ್ಗಲಿಲ್ಲ. ಮಗಳು ನನ್ನನ್ನೇ ಸುಮ್ಮನಿರಿಸಿದಳು. "ಬಿಡಮ್ಮ. ಆ ಒಂದು ನೇಮದಿಂದಾನೇ ಅಪ್ಪನಿಗೆ ಮರ್ಯಾದೆ. ನನಗೋಸ್ಕರ ಮುರಿಯೋದು ಬೇಡ. ಬಾಡಿಗೆಯವರು ಬರಬಹುದು, ಕಾಯ್ತೀನಿ."

ಕಡೆಗೊಂದು ದಿನ ಅಳಿಯ ತನ್ನ ಅಣ್ಣನನ್ನು ಕರೆತಂದ. ಅಣ್ಣನದು ನಯವಾದ ಮಾತು. "ಮಾವ, ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ ಹೋಗುತ್ತೆ. ಹೆಣ್ಣುಮಗಳು ಅಂಗಡೀಲಿ ಮಲಗೋದು ನಿಮಗೂ ಶೋಭೆ ಅಲ್ಲ, ನಮಗೂ ಅಲ್ಲ" ಎಂದ. ಎದುರುಮನೆಯ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು. ಒಬ್ಬ ಗಿರಾಕಿ ಕೈಯಲ್ಲಿ ತಾಳೆ ನೋಡಬೇಕಾದ ಬೀಗದ ಕೈ ಹಿಡಿದು ಹಾಗೇ ನಿಂತಿದ್ದ. ಒಳಗೆ ಅತ್ತೆ ಕೆಮ್ಮುತ್ತಿದ್ದರು. ಮಗಳು ಅಡುಗೆಮನೆಯಿಂದ ಬಂದು ಎಲ್ಲರೆದುರು ಅಪ್ಪನ ಮುಂದೆ ನಿಂತಳು.

"ಅಪ್ಪ, ಕೇಳಬಾರದು ಅಂತಿದ್ದೆ, ಕೇಳ್ತಿದ್ದೀನಿ. ಮೇಲಿನ ರೂಮು ತೆಗೆದು ಕೊಡ್ತೀಯಾ? ಕೊಡ್ತೀನಿ ಅನ್ನು, ಇವರ ಜೊತೆ ಹೋಗಲ್ಲ."

ಇವರು ಅರವನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. "ಬೀಗ ನಂದಲ್ಲ ಮಗಳೇ" ಎಂದರು.

ಮೇಷ್ಟ್ರು ತಲೆದೂಗಿದರು. ನೋಡಿ, ಮಗಳ ವಿಷಯದಲ್ಲೂ ಈ ಮನುಷ್ಯ ಬದಲಾಗಲಿಲ್ಲ ಎಂಬಂತೆ. ಆ ತಲೆಯನ್ನು ಹಿಡಿದು ಗೋಡೆಗೆ ಜಜ್ಜಬೇಕು ಅನ್ನಿಸಿತು ನನಗೆ. ಮಗಳು ಒಳಗೆ ಹೋಗಿ ಬ್ಯಾಗು ತಂದಳು. ಪುಟ್ಟಿ ತನ್ನಪ್ಪನ ಹೆಗಲೇರಿ ನಮಗೆಲ್ಲ ಟಾಟಾ ಮಾಡಿತು.

ಮರುದಿನ ಬೆಳಿಗ್ಗೆ ಇವರು ಹಲ್ಲುಜ್ಜುತ್ತಿದ್ದಾಗ ನಾನು ಇವರ ಪೆಟ್ಟಿಗೆಯಿಂದ ಸುತ್ತಿಗೆ ತೆಗೆದುಕೊಂಡೆ. ಮೆಟ್ಟಿಲು ಹತ್ತಿದೆ. ನೇಮ, ಮರ್ಯಾದೆ, ಎಲ್ಲ ಚೂರುಚೂರಾಗಲಿ, ಥೂ, ಯಾರಿಗೆ ಬೇಕು! ಏಟು ಹಾಕಲು ಆಯವಾಗಲಿ ಎಂದು ಎಡಗೈಯಲ್ಲಿ ಬೀಗವನ್ನು ಹಿಡಿದು ಕೆಳಕ್ಕೆ ಎಳೆದೆ.

ಬೀಗ ಕೈಗೆ ಬಂತು.

ಕಟಕ್ ಎಂದು ಸದ್ದೂ ಆಗಲಿಲ್ಲ. ಎಣ್ಣೆ ಕುಡಿದ ಕೊಂಡಿ ನುಣ್ಣಗೆ ಜಾರಿತು. ಅದನ್ನು ಯಾರೂ ಹಾಕಿಯೇ ಇರಲಿಲ್ಲ. ಬರೀ ಒತ್ತಿ ಹೋಗಿದ್ದರು. ಹಾಕುವುದಾದರೂ ಏಕೆ? ಒಳಗೆ ಏನಿತ್ತು? ಬಲ್ಬಿಲ್ಲ, ಫ್ಯಾನಿಲ್ಲ, ಬಚ್ಚಲಿನ ನಲ್ಲಿಯನ್ನೂ ತಿರುಚಿಕೊಂಡು ಹೋಗಿದ್ದರು. ಕಿಟಕಿಯ ಪರದೆಯೊಂದು ಬೀದಿಗೆ ಮುಖ ತೋರಿಸಿಕೊಂಡು ನೇತಾಡುತ್ತಿತ್ತು. ನಾನು ಬರಿನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ತಲೆಗೆ ಹೊಳೆಯಿತು. ತಿಂಗಳು ತಿಂಗಳೂ ಈ ಬೀಗವನ್ನು ಕೈಯಲ್ಲಿ ಹಿಡಿದು ಎಣ್ಣೆ ಹಾಕಿದವರು ಯಾರು?

ಕೆಳಗಿಳಿದು ಬೀಗವನ್ನು ಗಾಜಿನ ಪೆಟ್ಟಿಗೆಯ ಮೇಲೆ ಕುಕ್ಕಿದೆ.

"ಇದು ಹಾಕೇ ಇರ್ಲಿಲ್ಲ" ಎಂದೆ.

ಇವರು ಅದನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ಗೊತ್ತು" ಎಂದರು.

"ಯಾವಾಗಿಂದ?"

"ಅಕ್ಕನ ಮನೆಯಿಂದ ಬಂದ ದಿನವೇ. ಸಂಜೆ ಹೋಗಿ ಮುಟ್ಟಿ ನೋಡಿದೆ. ಒಳಗೂ ನೋಡಿದೆ."

ಇವರೇ ಮುಂದುವರಿಸಿದರು. "ಬೀಗದವನ ಮನೇಲೇ ಗುಡಿಸಿ ಗುಂಡಾಂತರ ಮಾಡಿ ಹೋದ್ರು ಅಂತ ಬೀದಿಯವರು ನಗ್ತಾರೆ ಅನ್ನಿಸ್ತು. ಬೀಗ ನೇತಾಡ್ತಿದ್ರೆ ಬರ್ತಾರೆ ಅಂತಾದ್ರೂ ಹೇಳ್ಬಹುದಿತ್ತು."

"ಅದಾಯ್ತು. ಮಗಳು ಬಂದಾಗ?"

ಇವರು ಬೀಗವನ್ನು ಬಟ್ಟೆಯಿಂದ ಒರೆಸತೊಡಗಿದರು. "ಮೇಲೆ ಒಂದ್ಸಲ ಸಂಸಾರ ಹೂಡಿದ್ರೆ ಅವಳು ವಾಪಸ್ ಹೋಗಲ್ಲ ಅನ್ನಿಸ್ತು. ಗಂಡನ್ನ ಬಿಟ್ಟ ಮಗಳು ಅಂಗಡಿ ಮೇಲೇ ಇದ್ರೆ ಬರೋ ಹೋಗೋರಿಗೆಲ್ಲ ಏನಂತ ಹೇಳೋದು? ನಾಲ್ಕು ದಿನ ಕಷ್ಟ ಆದ್ರೆ ತಾನಾಗೇ ಹೋಗ್ತಾಳೆ, ಎಲ್ಲ ಸರಿಹೋಗುತ್ತೆ ಅಂದ್ಕೊಂಡೆ."

ಬೈಗುಳಕ್ಕೆ ನನಗೆ ಬಡತನವಿಲ್ಲ. ಬೈಯುತ್ತ ಕೂರಲು ಆ ದಿನ ಹೊತ್ತಿರಲಿಲ್ಲ. ಬೀಗವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮಗಳು ಬಾಗಿಲು ತೆರೆದಳು. ಅಳಿಯ ಕೆಲಸಕ್ಕೆ ಹೋಗಿದ್ದ. ಅವಳ ತುಟಿಯ ಪಕ್ಕ ಹೊಸ ಗಾಯವಿತ್ತು. ಒಂದೇ ರಾತ್ರಿ ಕಳೆದಿತ್ತಷ್ಟೇ. "ರೂಮು ತೆಗೆದಿದೆ, ನಡಿ" ಎಂದೆ. ಅವಳು ಗಾಬರಿಯಾದಳು. "ಅಪ್ಪ ತೆಗೆದ್ರಾ? ಅಯ್ಯೋ, ನನ್ನಿಂದಾಗಿ ಅಪ್ಪನ ನೇಮ ಹೋಯ್ತಾ? ನಾನು ಕೇಳಬಾರದಿತ್ತಮ್ಮ" ಎಂದು ಕಣ್ಣೊರೆಸಿಕೊಂಡಳು. ತುಟಿ ಒಡೆದುಕೊಂಡು ನಿಂತ ಹುಡುಗಿ ಅಪ್ಪನ ಮರ್ಯಾದೆಗೆ ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಬೀಗವನ್ನು ಚೀಲದಿಂದ ತೆಗೆದು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಕೊಂಡಿಯನ್ನು ಒತ್ತಿದಳು, ಎಳೆದಳು, ಮತ್ತೆ ಒತ್ತಿದಳು.

"ಹಾಗಾದ್ರೆ ನನ್ನ ಕಳಿಸಿದ್ದು ಅಪ್ಪಾನೇ" ಎಂದಳು. ಕೊಂಡಿಯನ್ನು ಇನ್ನೊಮ್ಮೆ ಎಳೆದು ಕೇಳಿದಳು, "ಈಗ ಕರ್ಕೊಂಡು ಬಾ ಅಂತ ಹೇಳಿದ್ದು ಅವರಾ, ನೀನೇ ಬಂದ್ಯಾ?"

"ನಾನೇ ಬಂದೆ."

"ಅಪ್ಪ ಬಂದು ಕರೀಲಿ, ಆಗ ಬರ್ತೀನಿ. ಬೇರೇನೂ ಬೇಡ, ಬಾ ಅಂತ ಒಂದು ಮಾತು. ಅವರು ಕರೀದೆ ಬಂದ್ರೆ ಇವರು ಮತ್ತೆ ಅಂಗಡಿ ಮುಂದೆ ನಿಲ್ತಾರೆ, ಅಪ್ಪ ಮತ್ತೆ ಅರ ಉಜ್ತಾ ಕೂರ್ತಾರೆ." ಬೀಗವನ್ನು ನನ್ನ ಚೀಲಕ್ಕೇ ಹಾಕಿದಳು. ನಾನು ಗೋಗರೆದೆ, ಬೈದೆ, ಕಣ್ಣೀರು ಹಾಕಿದೆ. ಅವಳು ನನ್ನಂಥ ಬಾಯಿಬಡುಕಿಯಲ್ಲ, ಅಪ್ಪನ ಹಾಗೆ. ಒಂದು ಸಲ ಹೇಳಿದರೆ ಮುಗಿಯಿತು.

ಸಂಜೆ ಮನೆಗೆ ಬಂದಾಗ ಇವರು ಅಂಗಡಿಯಲ್ಲೇ ಇದ್ದರು. ಬಾಗಿಲ ಕಡೆ ನೋಡಿ, ನನ್ನ ಹಿಂದೆ ಯಾರೂ ಇಲ್ಲದ್ದನ್ನು ಕಂಡು, "ಏನಂದ್ಲು?" ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತುಟಿಯ ಗಾಯದ ಮಾತೂ ಹೇಳಿದೆ. ಅವರು ಅರವನ್ನು ಕೆಳಗಿಟ್ಟರು, ಅದನ್ನು ನಾನು ನೋಡಿದೆ, ಇಲ್ಲವೆನ್ನಲಾರೆ. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ" ಎಂದೆ.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ತನ್ನ ಅತ್ತಿಗೆಯ ಬೀರಿನ ಬೀಗ ತೆಗೆದುಕೊಡಬೇಕು ಎಂದ. "ಅವರನ್ನೇ ಕಳಿಸಿ" ಎಂದರು ಇವರು. ಅವನು ಹೋದ ಮೇಲೆ, ಅರ ಎತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದರು:

"ಮುಂದಿನ ವಾರ ಹೋಗ್ತೀನಿ ಕಣೇ. ಖಂಡಿತ."

ಅದನ್ನು ಹೇಳಿ ಈಗ ಎಷ್ಟೋ ವಾರಗಳಾದವು.